ಮುಟ್ಟು ನಿಲ್ಲುವ ಕಾಲ: ಎಲ್ಲ ಹೆಣ್ಣಿಗೂ ಒಂದೇ ಅನುಭವವೇ?

1983ರಲ್ಲಿ ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಲಾಕ್ ಅವರು ಜಪಾನಿನ ಹೆಂಗಸರ ಮುಂದೆ ಒಂದು ಪ್ರಶ್ನಾವಳಿಯನ್ನು ಇಡಲು ಹೊರಟರು. ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕಿಯಾಗಿದ್ದ ಅವರಿಗೆ ತಿಳಿಯಬೇಕಾಗಿದ್ದುದು ಇಷ್ಟು: ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಅಮೆರಿಕ, ಕೆನಡಾಗಳ ಹೆಂಗಸರು ಹೇಳಿಕೊಳ್ಳುವ ತೊಂದರೆಗಳನ್ನೇ ಜಪಾನಿನ ಹೆಂಗಸರೂ ಹೇಳಿಕೊಳ್ಳುತ್ತಾರೆಯೆ? ಇಂಗ್ಲಿಷಿನಲ್ಲಿ ಸಿದ್ಧವಾಗಿದ್ದ ಪಟ್ಟಿಯನ್ನು ಜಪಾನಿ ಭಾಷೆಗೆ ತರುವ ಕೆಲಸ ಮೊದಲಾಯಿತು. ತಲೆನೋವು, ಬೆನ್ನುನೋವು, ನಿದ್ರೆಗೇಡು ಇವಕ್ಕೆಲ್ಲ ಮಾತು ಸಿಕ್ಕಿತು. ಪಟ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾಗಿದ್ದ ಒಂದು ತೊಂದರೆಗೆ ಮಾತ್ರ ಸರಿಯಾದ ಪದ ದೊರೆಯಲಿಲ್ಲ. ಇದ್ದಕ್ಕಿದ್ದಂತೆ ಎದೆ, ಕುತ್ತಿಗೆ, ಮುಖಕ್ಕೆ ಬಿಸಿ ಏರಿ, ಬೆವರೊಡೆದು, ಕೆಲವು ನಿಮಿಷಗಳಲ್ಲಿ ಇಳಿದುಹೋಗುವ ಆ ಅನುಭವಕ್ಕೆ ಇಂಗ್ಲಿಷಿನವರು ಹಾಟ್ ಫ್ಲಶ್ ಅಥವಾ ಹಾಟ್ ಫ್ಲಾಶ್ ಎನ್ನುತ್ತಾರೆ.

ಮೈಯ ಸ್ಥಿತಿಗತಿಗಳನ್ನು ಬಲು ಸೂಕ್ಷ್ಮವಾಗಿ ಹೆಸರಿಸುವ ಭಾಷೆ ಜಪಾನಿ. ಆದರೂ ಇದೊಂದಕ್ಕೇ ಮೀಸಲಾದ ಮಾತು ಅದರಲ್ಲಿ ಇರಲಿಲ್ಲ. ‘ನೊಬೊಸೆ’ ಎಂದರೆ ರಕ್ತ ತಲೆಗೇರಿದಂತಾಗುವುದು. ಬಿಸಿನೀರಿನ ತೊಟ್ಟಿಯಲ್ಲಿ ಹೆಚ್ಚು ಹೊತ್ತು ಕುಳಿತವರಿಗೂ ಅದೇ ಮಾತು. ‘ಹೊತೆರಿ’ ಎಂದರೆ ಮುಖ ಕೆಂಪೇರುವುದು. ಮದ್ಯ ಕುಡಿದವರಿಗೂ ಅದು ಸಲ್ಲುತ್ತದೆ. ಕೊನೆಗೆ ಒಂದರ ಬದಲು ಹಲವು ಮಾತುಗಳನ್ನು ಜೊತೆಗಿಟ್ಟು ಕೇಳಬೇಕಾಯಿತು. 45ರಿಂದ 55 ವಯಸ್ಸಿನ 1,300ಕ್ಕೂ ಹೆಚ್ಚು ಹೆಂಗಸರು ಉತ್ತರಿಸಿದರು. ಹಿಂದಿನ ಎರಡು ವಾರಗಳಲ್ಲಿ ಹೀಗೆ ಬಿಸಿಯೇರಿದ್ದುಂಟು ಎಂದವರು ಎಂಟರಲ್ಲಿ ಒಬ್ಬರು. ಅದೇ ಪ್ರಶ್ನೆಗೆ ಅಮೆರಿಕದ ಮ್ಯಾಸಚುಸೆಟ್ಸ್ ಮತ್ತು ಕೆನಡಾದ ಮ್ಯಾನಿಟೋಬಾಗಳಲ್ಲಿ ‘ಹೌದು’ ಎಂದವರು ಮೂವರಲ್ಲಿ ಒಬ್ಬರು. ಜಪಾನಿನ ಹೆಂಗಸರ ಪಟ್ಟಿಯಲ್ಲಿ ಮೊದಲ ಸ್ಥಾನ ಬೇರೊಂದು ತೊಂದರೆಗೆ ಸಂದಿತ್ತು: ಅರ್ಧಕ್ಕರ್ಧ ಮಂದಿ ಭುಜ ಬಿಗಿಯುತ್ತದೆ ಎಂದಿದ್ದರು.

ಈ ವ್ಯತ್ಯಾಸ ಎಲ್ಲಿಂದ ಬಂತು? ಮೈಯಿಂದಲೋ, ಊಟದಿಂದಲೋ, ಭಾಷೆಯಿಂದಲೋ, ಬಾಳಿನ ಸ್ಥಿತಿಯಿಂದಲೋ? ಸುಮಾರು ಅರ್ಧ ಶತಮಾನದಿಂದ ವಿದ್ವಾಂಸರು ಈ ಪ್ರಶ್ನೆಯ ಬೆನ್ನು ಹತ್ತಿದ್ದಾರೆ. ಅವರು ನಡೆದ ದಾರಿಯ ಚರಿತ್ರೆ ಕುತೂಹಲಕರವಾದುದು. ಅಷ್ಟೇ ಅಲ್ಲ, ಯಾವ ಹೆಂಗಸಿನ ಸಂಕಟವನ್ನು ವೈದ್ಯಶಾಸ್ತ್ರ ಕಿವಿಗೊಟ್ಟು ಕೇಳಿತು, ಯಾರದನ್ನು ‘ಅವರಿಗೆ ಅದೆಲ್ಲ ಇಲ್ಲ’ ಎಂದು ಬದಿಗಿಟ್ಟಿತು ಎಂಬುದನ್ನೂ ಅದು ಹೇಳುತ್ತದೆ.

ಮೈಯೊಳಗೆ ಆಗುವುದೇನು?

ಮೂಲ ಸಂಗತಿ ಎಲ್ಲ ದೇಶಗಳಲ್ಲೂ ಒಂದೇ. ಹುಟ್ಟುವಾಗಲೇ ಹೆಣ್ಣುಮಗುವಿನ ಅಂಡಾಶಯಗಳಲ್ಲಿ ಇರುವ ಅಂಡಾಣುಗಳ ಸಂಗ್ರಹ ವಯಸ್ಸಾದಂತೆ ಕರಗುತ್ತ ಬಂದು ನಡುವಯಸ್ಸಿನಲ್ಲಿ ಬಹುಪಾಲು ಬರಿದಾಗುತ್ತದೆ. ಈಸ್ಟ್ರೋಜನ್ ಎಂಬ ಹಾರ್ಮೋನಿನ ಉತ್ಪಾದನೆ ತಗ್ಗುತ್ತದೆ. ಅಂಡಾಶಯವನ್ನು ಎಚ್ಚರಿಸಲು ಮಿದುಳಿನ ಕೆಳಗಿನ ಪಿಟ್ಯುಟರಿ ಗ್ರಂಥಿ ತನ್ನ ಹಾರ್ಮೋನನ್ನು ಹೆಚ್ಚು ಹೆಚ್ಚಾಗಿ ಸ್ರವಿಸುತ್ತದೆ. ಹನ್ನೆರಡು ತಿಂಗಳು ಸತತವಾಗಿ ಮುಟ್ಟಾಗದಿದ್ದರೆ ಮುಟ್ಟು ನಿಂತಿತೆಂದು ವೈದ್ಯರು ಲೆಕ್ಕ ಹಿಡಿಯುತ್ತಾರೆ.

ಮಿದುಳಿನ ಹೈಪೊಥಲಮಸ್ ಎಂಬ ಭಾಗ ಮೈಯ ಶಾಖವನ್ನು ಹತೋಟಿಯಲ್ಲಿ ಇಡುತ್ತದೆ. ಶಾಖ ತುಸು ಏರಿದರೂ ತುಸು ಇಳಿದರೂ ಅದು ಸಾಮಾನ್ಯವಾಗಿ ಸುಮ್ಮನಿರುತ್ತದೆ. ಬಿಸಿಯೇರುವ ತೊಂದರೆಯುಳ್ಳ ಹೆಂಗಸರಲ್ಲಿ ಈ ಸಹನೆಯ ಅಂತರ ಬಹಳ ಕಿರಿದಾಗಿರುತ್ತದೆ ಎಂದು ಅಮೆರಿಕದ ರಾಬರ್ಟ್ ಫ್ರೀಡ್‌ಮನ್ ಅವರು 1990ರ ದಶಕದ ಪ್ರಯೋಗಗಳಲ್ಲಿ ತೋರಿಸಿದರು. ಅತ್ಯಲ್ಪ ಶಾಖ ಏರಿದರೂ ಮೈ ಕಾದುಹೋಯಿತೆಂದು ಬಗೆದು, ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುವ ಆಜ್ಞೆ ಹೊರಡುತ್ತದೆ. ಈಸ್ಟ್ರೋಜನ್ ಎಲ್ಲ ಹೆಂಗಸರಲ್ಲೂ ಕಡಿಮೆಯಾಗುತ್ತದೆ. ಬಿಸಿಯೇರುವುದು ಮಾತ್ರ ಎಲ್ಲರಿಗೂ ಇಲ್ಲ. ತೊಡಕು ಇರುವುದು ಇಲ್ಲಿಯೇ.

ಸ್ಥಿತಿ ರೋಗವಾದ ಬಗೆ

ಹಳೆಯ ವೈದ್ಯಗ್ರಂಥಗಳು ಈ ಘಟ್ಟವನ್ನು ಬಲ್ಲವು. ಮುಟ್ಟು ಹನ್ನೆರಡರ ಸುಮಾರಿಗೆ ತೊಡಗಿ ಐವತ್ತರ ಸುಮಾರಿಗೆ ಮುಪ್ಪಿನೊಡನೆ ಕ್ಷೀಣಿಸುತ್ತದೆ ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಹೆಚ್ಚಿನವರಿಗೆ ನಲವತ್ತರ ಸುಮಾರಿಗೆ, ಕೆಲವರಿಗೆ ಐವತ್ತಕ್ಕೆ ನಿಲ್ಲುತ್ತದೆ ಎಂದು ಗ್ರೀಸಿನ ಅರಿಸ್ಟಾಟಲ್ ಬರೆದಿದ್ದಾನೆ. ಇಬ್ಬರಿಗೂ ಇದು ವಯಸ್ಸಿಗೆ ಸಹಜವಾದ ಮಾರ್ಪಾಟು.

ಇದಕ್ಕೆ ‘ಮೆನೊಪಾಸ್’ ಎಂಬ ಹೆಸರು ಬಂದದ್ದು ಫ್ರಾನ್ಸಿನಲ್ಲಿ. ವೈದ್ಯ ಗಾರ್ದಾನ್ 1816ರಲ್ಲಿ ಒಂದು ಪದವನ್ನು ಟಂಕಿಸಿ, 1821ರಲ್ಲಿ ಅದನ್ನು ತಿದ್ದಿ ಈಗ ಬಳಕೆಯಲ್ಲಿರುವ ರೂಪಕ್ಕೆ ತಂದ. ಹೆಸರು ಬಂದ ಮೇಲೆ ಚಿಕಿತ್ಸೆಯೂ ಬಂತು. ಲಂಡನ್ನಿನ ವೈದ್ಯ ಎಡ್ವರ್ಡ್ ಟಿಲ್ಟ್ 1857ರಲ್ಲಿ ಈ ವಿಷಯಕ್ಕೇ ಮೀಸಲಾದ ಗ್ರಂಥವನ್ನು ಪ್ರಕಟಿಸಿದ. ಐನೂರು ಹೆಂಗಸರ ತೊಂದರೆಗಳನ್ನು ಅವನು ಪಟ್ಟಿ ಮಾಡಿದ್ದ. ವೈದ್ಯರ ಬಳಿಗೆ ಬಂದ ಇಂಗ್ಲೆಂಡಿನ ಹೆಂಗಸರು ಹೇಳಿದ್ದೇ ಮುಂದೆ ಬಹುಕಾಲ ಹೆಣ್ಣುಕುಲದ ಸಾಮಾನ್ಯ ಲಕ್ಷಣವೆಂಬಂತೆ ಪಠ್ಯಪುಸ್ತಕಗಳಲ್ಲಿ ಉಳಿಯಿತು.

1929ರಲ್ಲಿ ಅಮೆರಿಕದ ಎಡ್ವರ್ಡ್ ಡಾಯ್ಸಿ ಮತ್ತು ಜರ್ಮನಿಯ ಅಡಾಲ್ಫ್ ಬ್ಯೂಟೆನಂಟ್ ಬೇರೆ ಬೇರೆಯಾಗಿ ಈಸ್ಟ್ರೋಜನ್ನಿನ ಒಂದು ರೂಪವನ್ನು ಬೇರ್ಪಡಿಸಿದರು. 1942ರಲ್ಲಿ ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜನ್ ಗುಳಿಗೆ ‘ಪ್ರೆಮರಿನ್’ ಎಂಬ ಹೆಸರಿನಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂತು. 1966ರಲ್ಲಿ ನ್ಯೂಯಾರ್ಕಿನ ವೈದ್ಯ ರಾಬರ್ಟ್ ವಿಲ್ಸನ್ ‘ಫೆಮಿನಿನ್ ಫಾರೆವರ್’ ಎಂಬ ಪುಸ್ತಕ ಬರೆದು, ಮಧುಮೇಹಿಗೆ ಇನ್ಸುಲಿನ್ ಕೊರತೆಯಾಗುವಂತೆ ಮುಟ್ಟು ನಿಂತ ಹೆಂಗಸಿಗೆ ಈಸ್ಟ್ರೋಜನ್ ಕೊರತೆಯ ರೋಗ ಅಂಟಿದೆ ಎಂದು ಸಾರಿದ. ಪುಸ್ತಕ ಬಿಸಿ ದೋಸೆಯಂತೆ ಖರ್ಚಾಯಿತು, ಗುಳಿಗೆಯೂ ಖರ್ಚಾಯಿತು. ವಿಲ್ಸನ್ನನ ವಾದಕ್ಕೆ ಒಂದು ಪೂರ್ವಕಲ್ಪನೆ ಇತ್ತು: ಹಾರ್ಮೋನಿನ ಕೊರತೆಯೇ ರೋಗವಾದರೆ ಅದು ಜಗತ್ತಿನ ಎಲ್ಲ ಹೆಂಗಸರನ್ನೂ ಒಂದೇ ರೀತಿ ಕಾಡಬೇಕು. ಇದು ನಿಜವೇ ಎಂದು ಇತರ ಸಮಾಜಗಳಿಗೆ ಹೋಗಿ ನೋಡಿದವರು ಮಾನವಶಾಸ್ತ್ರಜ್ಞರು.

ರಜಪೂತರ ಮನೆಯ ಮಹಡಿಯಿಂದ

ಈ ಪ್ರಶ್ನೆ ಹಿಡಿದು ಮೊದಲು ಹೊರಟವರಲ್ಲಿ ಒಬ್ಬರು ಬಂದದ್ದು ಭಾರತಕ್ಕೆ. ಅಮೆರಿಕದ ಮಾರ್ಷಾ ಫ್ಲಿಂಟ್ ಅವರು ರಾಜಸ್ಥಾನ ಮತ್ತು ಹಿಮಾಚಲ ಪ್ರದೇಶಗಳ 483 ರಜಪೂತ ಹೆಂಗಸರನ್ನು ಮಾತಾಡಿಸಿದರು. 1975ರಲ್ಲಿ ಅವರು ಪ್ರಕಟಿಸಿದ ಲೇಖನದ ಶೀರ್ಷಿಕೆಯೇ ಒಂದು ಪ್ರಶ್ನೆಯಾಗಿತ್ತು: ಮುಟ್ಟು ನಿಲ್ಲುವುದು ಬಹುಮಾನವೋ ಶಿಕ್ಷೆಯೋ? ಮುಟ್ಟಿನ ಕ್ರಮ ಬದಲಾದದ್ದನ್ನು ಬಿಟ್ಟರೆ ಈ ಹೆಂಗಸರಲ್ಲಿ ಹೆಚ್ಚಿನವರು ಬೇರೆ ತೊಂದರೆಯನ್ನೇ ಹೇಳಲಿಲ್ಲ. ಖಿನ್ನತೆಯಾಗಲಿ ತಲೆಸುತ್ತಾಗಲಿ ಅವರನ್ನು ಹಾಸಿಗೆ ಹಿಡಿಸಿರಲಿಲ್ಲ.

ಫ್ಲಿಂಟ್ ಇದಕ್ಕೆ ಕೊಟ್ಟ ಕಾರಣ ಸಾಮಾಜಿಕವಾದುದು. ಹೆರುವ ವಯಸ್ಸಿನಲ್ಲಿ ರಜಪೂತ ಹೆಂಗಸು ಪರದೆಯ ಹಿಂದೆ, ಹೆಂಗಸರ ಪಾಲಿನ ಕೋಣೆಗಳಲ್ಲಿ ಇರಬೇಕು. ಮುಟ್ಟು ನಿಂತ ಮೇಲೆ ಆ ಕಟ್ಟು ಸಡಿಲುತ್ತದೆ. ಅವಳು ಕೆಳಗಿಳಿದು ಬಂದು ಗಂಡಸರು ಕುಳಿತು ಮಾತಾಡುವ ಕಡೆ ತಾನೂ ಕುಳಿತು ಮಾತಾಡಬಹುದು. ಮುಪ್ಪು ಬಂದರೆ ಹೆಣ್ಣಿನ ಬೆಲೆ ಇಳಿಯುವ ಅಮೆರಿಕದಲ್ಲಿ ಅದೇ ಘಟ್ಟ ಶಿಕ್ಷೆಯಂತೆ ಬರುತ್ತದೆ. ಇಲ್ಲಿ ಬಹುಮಾನದಂತೆ ಬರುತ್ತದೆ ಎಂದು ಅವರು ವಾದಿಸಿದರು.

ಕನ್ನಡ ನಾಡಿನ ಓದುಗರಿಗೆ ಈ ಮಾತು ಪೂರ್ತಿ ಹೊಸತೇನಲ್ಲ. ತಿಂಗಳಿಗೆ ಮೂರು ದಿನ ಹೊರಗೆ ಕೂರುವ ಪದ್ಧತಿ ಇದ್ದ ಮನೆಗಳಲ್ಲಿ, ಮುಟ್ಟು ನಿಂತ ಹಿರಿಯಳಿಗೆ ಮಡಿಯ ಅಡುಗೆ, ಹಬ್ಬಹರಿದಿನಗಳ ಯಜಮಾನಿಕೆ ತಡೆಯಿಲ್ಲದೆ ಒದಗುತ್ತಿತ್ತು. ‘ಇನ್ನು ಆ ಗೋಜಿಲ್ಲ’ ಎಂಬ ನಿಟ್ಟುಸಿರಿನಲ್ಲಿ ನೆಮ್ಮದಿಯೂ ಇರುತ್ತಿತ್ತು.

ಫ್ಲಿಂಟರ ಲೇಖನ ಬಹಳ ಉಲ್ಲೇಖಗೊಂಡಿತು. ಅದರೊಡನೆ ಒಂದು ಅಪಾಯವೂ ಬಂತು. ಕೆಲವು ನೂರು ಹೆಂಗಸರು ಹೇಳಿದ್ದು ‘ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವಾಗ ತೊಂದರೆ ಇರುವುದಿಲ್ಲ’ ಎಂಬ ಹೇಳಿಕೆಯಾಗಿ ಹಿಗ್ಗಿತು. ಗೌರವ ಹೆಚ್ಚಿತೆಂದ ಮಾತ್ರಕ್ಕೆ ಮೈ ಬೆವರುವುದು ನಿಲ್ಲುತ್ತದೆಯೆ, ಅಥವಾ ಬೆವರಿದ್ದನ್ನು ಹೇಳಿಕೊಳ್ಳುವುದು ಮಾತ್ರ ನಿಲ್ಲುತ್ತದೆಯೆ ಎಂದು ಯಾರೂ ಆಗ ಅಳೆದು ನೋಡಿರಲಿಲ್ಲ.

ಜಪಾನಿನ ಪಾಠ

ಮಾರ್ಗರೆಟ್ ಲಾಕ್ ತಮ್ಮ ಸಮೀಕ್ಷೆಯ ಜೊತೆಗೆ ಜಪಾನಿನ ಹೆಂಗಸರ ಮನೆಗಳಿಗೂ ಹೋಗಿ ಮಾತಾಡಿದ್ದರು. 1993ರಲ್ಲಿ ಪ್ರಕಟವಾದ ಅವರ ‘ಎನ್‌ಕೌಂಟರ್ಸ್ ವಿತ್ ಏಜಿಂಗ್’ ಈ ಕ್ಷೇತ್ರದ ಮುಖ್ಯ ಗ್ರಂಥವೆನಿಸಿತು. ಜಪಾನಿಗಳು ಈ ಕಾಲವನ್ನು ‘ಕೊನೆಂಕಿ’ ಎನ್ನುತ್ತಾರೆ. ಯೂರೋಪಿನ ವೈದ್ಯಕೀಯ ಪದಕ್ಕೆ ಸಮನಾಗಿ ಇರಲೆಂದು ಆಧುನಿಕ ಕಾಲದಲ್ಲಿ ಕಟ್ಟಿದ ಮಾತು ಅದು. ಆದರೆ ಅದರ ಅರ್ಥ ಮುಟ್ಟು ನಿಲ್ಲುವುದಕ್ಕಷ್ಟೇ ಸೀಮಿತವಲ್ಲ. ಕಣ್ಣು ಮಂಜಾಗುವುದು, ಕೂದಲು ನರೆಯುವುದು, ಭುಜ ಬಿಗಿಯುವುದು ಎಲ್ಲವೂ ಸೇರಿದ ಒಂದು ನಿಧಾನದ ತಿರುವು ಅದು. ಆ ವಯಸ್ಸಿನ ಜಪಾನಿ ಹೆಂಗಸಿನ ಚಿಂತೆ ತನ್ನ ಮುಟ್ಟಿಗಿಂತ ಹಾಸಿಗೆ ಹಿಡಿದ ಅತ್ತೆಮಾವಂದಿರ ಆರೈಕೆಯ ಕಡೆಗೆ ಹೆಚ್ಚಾಗಿತ್ತು.

ಲಾಕ್ ಇನ್ನೊಂದು ಸಂಗತಿಯನ್ನೂ ಗಮನಿಸಿದರು. ಕೊನೆಂಕಿಯ ತೊಂದರೆ ಎಂದು ಹೇಳಿಕೊಂಡ ಹೆಂಗಸನ್ನು ಜಪಾನಿನ ಕೆಲವು ವೈದ್ಯರೂ ಪತ್ರಿಕೆಗಳೂ ಸದರವಾಗಿ ಕಾಣುತ್ತಿದ್ದರು. ಅದು ಮಾಡಲು ಕೆಲಸವಿಲ್ಲದ ನಗರದ ಗೃಹಿಣಿಯರ ‘ಶ್ರೀಮಂತಿಕೆಯ ಕಾಯಿಲೆ’ ಎಂಬ ಮಾತು ಚಾಲ್ತಿಯಲ್ಲಿತ್ತು. ಹೀಗೆ ಹೆಸರಿಡುವ ಸಮಾಜದಲ್ಲಿ ಬಾಯಿ ಬಿಡುವವರು ಕಡಿಮೆಯಾಗುವುದು ಸಹಜವೇ.

ಆದರೆ ವ್ಯತ್ಯಾಸವೆಲ್ಲ ಬರಿಯ ಸಂಕೋಚದ ಫಲ ಎಂದು ಲಾಕ್ ಹೇಳಲಿಲ್ಲ. ಊಟ, ದುಡಿಮೆ, ಹವೆ, ವಂಶ ಇವೆಲ್ಲ ತಲೆಮಾರುಗಳಿಂದ ಮೈಯನ್ನೇ ಬೇರೆ ಬೇರೆಯಾಗಿ ರೂಪಿಸಿರಬಹುದು. ಒಂದು ಊರಿನ ಮೈ ಇನ್ನೊಂದು ಊರಿನ ಮೈಯಂತೆಯೇ ಮುಪ್ಪಾಗಬೇಕೆಂದೇನೂ ಇಲ್ಲ ಎಂಬುದು ಅವರ ನಿಲುವು. ಇದನ್ನು ಅವರು ‘ಸ್ಥಳೀಯ ಜೀವಶಾಸ್ತ್ರ’ ಎಂದು ಕರೆದರು. ಜಪಾನಿಗಳ ನಿತ್ಯದ ಊಟದಲ್ಲಿರುವ ಸೋಯಾ ಅವರೆಯ ಕಡೆಗೆ ಎಲ್ಲರ ಗಮನ ಹರಿಯಿತು. ಅದರಲ್ಲಿ ಈಸ್ಟ್ರೋಜನ್ನನ್ನು ತುಸು ಹೋಲುವ ಐಸೊಫ್ಲೇವೋನ್ ಎಂಬ ವಸ್ತುಗಳಿವೆ. ಅವುಗಳಲ್ಲಿ ಒಂದನ್ನು ಕರುಳಿನ ಬ್ಯಾಕ್ಟೀರಿಯಾಗಳು ಈಕ್ವಾಲ್ ಎಂಬ ಇನ್ನಷ್ಟು ಪ್ರಬಲ ವಸ್ತುವಾಗಿ ಮಾರ್ಪಡಿಸಬಲ್ಲವು. ಈ ಬಗೆಯ ಬ್ಯಾಕ್ಟೀರಿಯಾ ಉಳ್ಳವರು ಪಶ್ಚಿಮದ ದೇಶಗಳಿಗಿಂತ ಜಪಾನಿನಲ್ಲಿ ಹೆಚ್ಚು. ಆದರೂ ಸೋಯಾ ಗುಳಿಗೆ ಕೊಟ್ಟು ನಡೆಸಿದ ಪ್ರಯೋಗಗಳು ಒಮ್ಮತದ ಫಲಿತಾಂಶ ಕೊಟ್ಟಿಲ್ಲ.

ಮಾಯಾ ಹಳ್ಳಿಯ ಒಗಟು

ಇದೇ ಕಾಲದಲ್ಲಿ ಯೆವುಬ್‌ದಾರ್ ಬೆಯೆನೆ ಎಂಬ ಮಾನವಶಾಸ್ತ್ರಜ್ಞೆ ಎರಡು ರೈತ ಸಮಾಜಗಳನ್ನು ಹೋಲಿಸಿದರು: ಮೆಕ್ಸಿಕೋದ ಯುಕಟಾನ್ ಪ್ರದೇಶದ ಮಾಯಾ ಜನರ ಒಂದು ಹಳ್ಳಿ, ಗ್ರೀಸಿನ ಎವಿಯಾ ದ್ವೀಪದ ಒಂದು ಹಳ್ಳಿ. 1989ರಲ್ಲಿ ಅವರ ಪುಸ್ತಕ ಬಂತು. ಗ್ರೀಕ್ ಹೆಂಗಸರು ಬಿಸಿಯೇರುವುದನ್ನು ಚೆನ್ನಾಗಿ ಬಲ್ಲರು. ಆದರೆ ಅದನ್ನು ರೋಗವೆಂದು ಬಗೆಯದೆ, ವೈದ್ಯರ ಬಳಿಗೂ ಹೋಗದೆ ಸಹಜವಾಗಿ ದಾಟುತ್ತಿದ್ದರು. ಮಾಯಾ ಹೆಂಗಸರಲ್ಲಿ ಅಂಥ ಅನುಭವವನ್ನು ಹೇಳಿದವರೇ ಇರಲಿಲ್ಲ. ಚಿಕ್ಕ ವಯಸ್ಸಿಗೆ ಮದುವೆಯಾಗಿ, ಮೇಲಿಂದ ಮೇಲೆ ಹೆತ್ತು, ದೀರ್ಘಕಾಲ ಮೊಲೆಯೂಡಿಸುತ್ತಿದ್ದ ಅವರು ಮುಟ್ಟು ನಿಲ್ಲುವುದನ್ನು ಬಿಡುಗಡೆಯೆಂದು ಎದುರು ನೋಡುತ್ತಿದ್ದರು.

ಹಾಗಾದರೆ ಮಾಯಾ ಹೆಂಗಸರ ಹಾರ್ಮೋನುಗಳೇ ಬೇರೆಯೇ? ಈ ಬಾರಿ ವೈದ್ಯರ ತಂಡವೊಂದು ಜೊತೆಗೂಡಿ ರಕ್ತವನ್ನು ಪರೀಕ್ಷಿಸಿತು. 1993ರಲ್ಲಿ ಪ್ರಕಟವಾದ ಫಲಿತಾಂಶ ಬೆರಗು ಹುಟ್ಟಿಸುವಂಥದು. ಈಸ್ಟ್ರೋಜನ್ ಅವರಲ್ಲಿಯೂ ಇಳಿದಿತ್ತು. ಪಿಟ್ಯುಟರಿ ಹಾರ್ಮೋನು ಅವರಲ್ಲಿಯೂ ಏರಿತ್ತು. ಮೂಳೆಯ ಸಾಂದ್ರತೆ ಅಮೆರಿಕದ ಹೆಂಗಸರಲ್ಲಿ ತಗ್ಗುವಂತೆಯೇ ತಗ್ಗಿತ್ತು. ಆದರೂ ಬಿಸಿಯೇರುವ ದೂರಿಲ್ಲ. ಮೂಳೆ ಮುರಿದ ಲಕ್ಷಣಗಳೂ ಇಲ್ಲ. ಹಾರ್ಮೋನಿನ ಏರಿಳಿತ ಒಂದೇ ಎಲ್ಲವನ್ನೂ ನಿರ್ಧರಿಸುತ್ತದೆ ಎಂಬ ವಿಲ್ಸನ್ನನ ಕಾಲದ ನಂಬಿಕೆಗೆ ಇದು ದೊಡ್ಡ ಪೆಟ್ಟು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮುಂದೆ ಗ್ವಾಟೆಮಾಲದ ಮಾಯಾ ಸಮುದಾಯಗಳಲ್ಲಿ ಬೇರೆ ವಿದ್ವಾಂಸರು ಕೇಳಿದಾಗ ಬಿಸಿಯೇರುತ್ತದೆ ಎಂದ ಹೆಂಗಸರು ಸಿಕ್ಕರು. ‘ಮಾಯಾ ಹೆಂಗಸರಿಗೆ ಅದಿಲ್ಲ’ ಎಂದು ಇಡೀ ಜನಾಂಗದ ಮೇಲೆ ಮುದ್ರೆ ಒತ್ತುವಂತಿಲ್ಲ ಎಂದು ಇದರಿಂದ ಸ್ಪಷ್ಟವಾಯಿತು.

ಏಳು ಕೇಂದ್ರಗಳ ಅಧ್ಯಯನ

ದೇಶದೇಶಗಳನ್ನು ಹೋಲಿಸುವಾಗ ಭಾಷೆ, ಊಟ, ಹವೆ ಎಲ್ಲವೂ ಒಟ್ಟಿಗೇ ಬದಲಾಗುತ್ತವೆ. ಒಂದೇ ದೇಶದಲ್ಲಿರುವ ಬೇರೆ ಬೇರೆ ಸಮುದಾಯಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದರೆ? ಅಮೆರಿಕದಲ್ಲಿ ‘ಸ್ವಾನ್’ ಎಂಬ ಹ್ರಸ್ವನಾಮದಿಂದ ಹೆಸರಾದ ಅಧ್ಯಯನ ಇದನ್ನೇ ಮಾಡಿತು. 1996-97ರಲ್ಲಿ ಬಾಸ್ಟನ್, ಷಿಕಾಗೋ, ಪಿಟ್ಸ್‌ಬರ್ಗ್, ಲಾಸ್ ಏಂಜಲಿಸ್ ಮೊದಲಾದ ಏಳು ಕೇಂದ್ರಗಳಲ್ಲಿ 42ರಿಂದ 52 ವಯಸ್ಸಿನ 3,302 ಹೆಂಗಸರು ಇದಕ್ಕೆ ಸೇರಿದರು. ಬಿಳಿಯರು, ಕರಿಯರು, ಹಿಸ್ಪಾನಿಕ್ ಮೂಲದವರು, ಚೀನೀ ಮತ್ತು ಜಪಾನೀ ಮೂಲದವರು ಹೀಗೆ ಐದು ಸಮುದಾಯಗಳವರು ಇದರಲ್ಲಿ ಇದ್ದರು.

ಬಿಸಿಯೇರುವುದು, ರಾತ್ರಿ ಬೆವರುವುದು ಕರಿಯ ಹೆಂಗಸರಲ್ಲಿ ಎಲ್ಲರಿಗಿಂತ ಹೆಚ್ಚು, ಚೀನೀ ಮತ್ತು ಜಪಾನೀ ಮೂಲದವರಲ್ಲಿ ಎಲ್ಲರಿಗಿಂತ ಕಡಿಮೆ ಎಂದು ಕಂಡುಬಂತು. ಎಷ್ಟು ಕಾಲ ಕಾಡುತ್ತದೆ ಎಂಬ ಲೆಕ್ಕ 2015ರಲ್ಲಿ ಪ್ರಕಟವಾಯಿತು. ಪದೇ ಪದೇ ಬಿಸಿಯೇರುವ ತೊಂದರೆ ಇದ್ದ 1,449 ಹೆಂಗಸರಲ್ಲಿ ಅದರ ಮಧ್ಯಮ ಅವಧಿ 7.4 ವರ್ಷ. ಸಮುದಾಯವಾರು ನೋಡಿದರೆ ಜಪಾನೀ ಮೂಲದವರಿಗೆ 4.8 ವರ್ಷ, ಚೀನೀ ಮೂಲದವರಿಗೆ 5.4, ಬಿಳಿಯರಿಗೆ 6.5, ಹಿಸ್ಪಾನಿಕ್ ಹೆಂಗಸರಿಗೆ 8.9, ಕರಿಯರಿಗೆ 10.1 ವರ್ಷ. ‘ಒಂದೆರಡು ವರ್ಷ ತಡೆದುಕೊಳ್ಳಿ, ಹೋಗುತ್ತದೆ’ ಎಂದು ವೈದ್ಯರು ಹೇಳುತ್ತಿದ್ದ ಸಮಾಧಾನ ಯಾರ ಪಾಲಿಗೂ ನಿಜವಾಗಿರಲಿಲ್ಲ. ಕರಿಯ ಹೆಂಗಸರ ಪಾಲಿಗಂತೂ ತೀರ ದೂರವಾಗಿತ್ತು.

ಇದಕ್ಕೆ ರಕ್ತದಲ್ಲಿ ಬಂದ ಗುಣವೇ ಕಾರಣವೇ? 2017ರಲ್ಲಿ ಪ್ರಕಟವಾದ ಒಂದು ದೊಡ್ಡ ವಂಶವಾಹಿ ಅಧ್ಯಯನ ಬಿಸಿಯೇರುವಿಕೆಗೂ ಮಿದುಳಿನ ಒಂದು ಗ್ರಾಹಕಕ್ಕೆ ಸೇರಿದ ಜೀನಿಗೂ ನಂಟಿದೆ ಎಂದು ಕಂಡಿತು. ಆದರೆ ಆ ನಂಟು ಒಂದೇ ಜನಾಂಗಕ್ಕೆ ಸೇರಿದ್ದಲ್ಲ. ಬೇರೆ ಬೇರೆ ಮೂಲದ ಹೆಂಗಸರಲ್ಲಿ ಕಾಣಿಸಿತು. ಇನ್ನೊಂದು ಕಡೆ, ಹಣದ ಮುಗ್ಗಟ್ಟು, ಧೂಮಪಾನ, ಮೈತೂಕ, ಮನಸ್ಸಿನ ಒತ್ತಡ ಇವು ತೊಂದರೆಯನ್ನು ಹೆಚ್ಚಿಸುತ್ತವೆ ಎಂದು ಸ್ವಾನ್ ಅಧ್ಯಯನವೇ ತೋರಿಸಿತು. ತಾರತಮ್ಯದ ನಡುವೆ ಬಾಳುವವರ ಮೈ ಬೇಗ ಸವೆಯುತ್ತದೆ ಎಂಬ ವಾದವನ್ನು ಅಮೆರಿಕದ ಆರ್ಲೀನ್ ಜೆರೋನಿಮಸ್ ಅವರು 1992ರಲ್ಲೇ ಮುಂದಿಟ್ಟಿದ್ದರು. ಕರಿಯ ಹೆಂಗಸರಿಗೆ ಬಿಳಿಯರಿಗಿಂತ ಸರಾಸರಿ ಎಂಟೂವರೆ ತಿಂಗಳು ಮೊದಲೇ ಮುಟ್ಟು ನಿಲ್ಲುತ್ತದೆ, ತೊಂದರೆ ಹೆಚ್ಚಿದ್ದರೂ ಹಾರ್ಮೋನ್ ಚಿಕಿತ್ಸೆ ಅವರಿಗೆ ಸಿಗುವುದು ಕಡಿಮೆ ಎಂದು 2022ರಲ್ಲಿ ಬಂದ ಒಂದು ಸಮಗ್ರ ವರದಿ ಹೇಳಿತು.

ಈ ಲೆಕ್ಕವೂ ವಾಸ್ತವಕ್ಕಿಂತ ಕಡಿಮೆಯಿರಬಹುದು ಎಂದು ಅದೇ ಅಧ್ಯಯನದ ವಿದ್ವಾಂಸರು ಆಮೇಲೆ ಕಂಡುಕೊಂಡರು. ಸೇರುವಾಗ ಗರ್ಭಕೋಶ ಇರಬೇಕು, ಇತ್ತೀಚೆಗೆ ಮುಟ್ಟಾಗಿರಬೇಕು ಎಂಬ ನಿಯಮವಿತ್ತು. 42 ತುಂಬುವ ಮೊದಲೇ ಮುಟ್ಟು ನಿಂತವರು, ಶಸ್ತ್ರಕ್ರಿಯೆಯಲ್ಲಿ ಗರ್ಭಕೋಶ ಕಳೆದುಕೊಂಡವರು ಬಾಗಿಲಲ್ಲೇ ಉಳಿದರು. ಹಾಗೆ ಉಳಿದವರಲ್ಲಿ ಕರಿಯ ಹೆಂಗಸರ ಪಾಲು ಹೆಚ್ಚಾಗಿತ್ತು. ಎಲ್ಲರಿಗಿಂತ ಹೆಚ್ಚು ನೊಂದವರೇ ಲೆಕ್ಕದ ಹೊರಗಿದ್ದರು.

ಬಾಯಿ ಹೇಳಿದ್ದು, ಚರ್ಮ ಹೇಳಿದ್ದು

ಹೇಳಿಕೊಳ್ಳುವುದಕ್ಕೂ ಆಗುವುದಕ್ಕೂ ಇರುವ ಅಂತರವನ್ನು ಅಳೆಯಲು ಒಂದು ಉಪಾಯವಿದೆ. ಬೆವರಿದಾಗ ಚರ್ಮದಲ್ಲಿ ವಿದ್ಯುತ್ ಹರಿಯುವ ಪ್ರಮಾಣ ಏರುತ್ತದೆ. ಎದೆಗೆ ಚಿಕ್ಕ ಉಪಕರಣ ಅಂಟಿಸಿದರೆ ಬಿಸಿಯೇರಿದ ಗಳಿಗೆಯನ್ನು ಅದು ದಾಖಲಿಸುತ್ತದೆ. ಹವಾಯಿಯ ಹಿಲೋ ಎಂಬ ಊರಿನಲ್ಲಿ ಜಪಾನೀ ಮೂಲದವರೂ ಯೂರೋಪ್ ಮೂಲದವರೂ ಒಂದೇ ಹವೆಯಲ್ಲಿ ಬಾಳುತ್ತಾರೆ. 2009ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ, ಎರಡು ವಾರಗಳ ನೆನಪಿನ ಮೇಲೆ ಪ್ರಶ್ನೆ ಕೇಳಿದಾಗ ಜಪಾನೀ ಮೂಲದವರು ಎಂದಿನಂತೆ ಕಡಿಮೆ ಹೇಳಿದರು. ಆದರೆ ಉಪಕರಣ ತೊಡಿಸಿ ಒಂದು ದಿನ ನೋಡಿದಾಗ ಎರಡು ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ.

ವಲಸೆಯೂ ಒಂದು ಪಾಠ ಹೇಳುತ್ತದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ನೆಲೆಸಿದ ಭಾರತ ಉಪಖಂಡದ ಹೆಂಗಸರನ್ನು ಅಲ್ಲಿನ ಬಿಳಿಯರೊಡನೆಯೂ ದೆಹಲಿಯ ಹೆಂಗಸರೊಡನೆಯೂ ಹೋಲಿಸಿದ ಒಂದು ಅಧ್ಯಯನ 2006ರಲ್ಲಿ ಬಂತು. ಬಿಸಿಯೇರುವುದನ್ನು ದೆಹಲಿಯವರು ಕಡಿಮೆ ಹೇಳಿದರು. ಬರ್ಮಿಂಗ್‌ಹ್ಯಾಮಿನ ಭಾರತೀಯರ ಉತ್ತರ ಅಲ್ಲಿನ ಬಿಳಿಯ ನೆರೆಯವರ ಉತ್ತರಕ್ಕೆ ಹತ್ತಿರವಾಗಿತ್ತು. ವಂಶ ಬದಲಾಗಿರಲಿಲ್ಲ, ಊರು, ಊಟ, ಹವೆ, ಮಾತಿನ ರೂಢಿ ಬದಲಾಗಿದ್ದವು.

ಇವನ್ನೆಲ್ಲ ಕೂಡಿಸಿ ನೋಡಿದರೆ ಒಂದೇ ಕಾರಣವನ್ನು ಹಿಡಿಯುವಂತಿಲ್ಲ ಎಂಬುದು ಮನದಟ್ಟಾಗುತ್ತದೆ. ಸಮುದಾಯಗಳ ನಡುವೆ ವ್ಯತ್ಯಾಸ ಉಂಟು. ಅದರಲ್ಲಿ ಮೈಯ ಪಾಲೆಷ್ಟೋ ಬದುಕಿನ ಪಾಲೂ ಇದೆ. ಪ್ರಶ್ನೆ ಕೇಳಿದವರ ಮಾತಿನ ಪಾಲೂ ಇದೆ.

ನಮ್ಮಲ್ಲಿ

ಭಾರತದ ಹೆಂಗಸರಿಗೆ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46.2 ಎಂದು ಇಂಡಿಯನ್ ಮೆನೊಪಾಸ್ ಸೊಸೈಟಿಯ ಅಖಿಲ ಭಾರತ ಸಮೀಕ್ಷೆ 2016ರಲ್ಲಿ ತಿಳಿಸಿತು. ಅಮೆರಿಕದಲ್ಲಿ ಅದು 51ರ ಆಸುಪಾಸು. ಬೇಗ ನಿಂತಷ್ಟೂ ಈಸ್ಟ್ರೋಜನ್ನಿನ ರಕ್ಷಣೆ ಇಲ್ಲದೆ ಕಳೆಯಬೇಕಾದ ವರ್ಷಗಳು ಹೆಚ್ಚು; ಮೂಳೆ ಮತ್ತು ಹೃದಯದ ತೊಂದರೆಗೂ ಅಷ್ಟು ಹೆಚ್ಚು ಎಡೆ.

ಗರ್ಭಕೋಶ ತೆಗೆಸುವ ಶಸ್ತ್ರಕ್ರಿಯೆ ಇದರ ಜೊತೆ ಸೇರುತ್ತದೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 3 ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಆಂಧ್ರಪ್ರದೇಶದಲ್ಲಿ ಶೇಕಡ 9 ಮಂದಿ. ತೆಗೆಸಿಕೊಂಡ ಮಧ್ಯಮ ವಯಸ್ಸು 34. ಇವುಗಳಲ್ಲಿ ಮೂರನೇ ಎರಡರಷ್ಟು ಖಾಸಗಿ ಆಸ್ಪತ್ರೆಗಳಲ್ಲಿ ನಡೆದಿದ್ದವು. ನಮ್ಮ ಕಲಬುರ್ಗಿ ಜಿಲ್ಲೆಯಲ್ಲಿ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಅನಗತ್ಯವಾಗಿ ಈ ಶಸ್ತ್ರಕ್ರಿಯೆ ನಡೆದಿದೆ ಎಂಬ ದೂರು ಪ್ರತಿಭಟನೆಯ ರೂಪ ತಳೆಯಿತು. ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವುದರ ಎಲ್ಲ ಲಕ್ಷಣಗಳೂ ಒಂದೇ ಸಲಕ್ಕೆ, ತೀವ್ರವಾಗಿ ಎರಗುತ್ತವೆ. ಅಂಡಾಶಯ ಉಳಿಸಿದರೂ ಅದರ ಕೆಲಸ ಬೇಗ ನಿಲ್ಲುವ ಸಂಭವವಿದೆ. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಇಂಥ ಅನಗತ್ಯ ಶಸ್ತ್ರಕ್ರಿಯೆಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕೆಂದು ಆದೇಶಿಸಿತು. ಅಮೆರಿಕದ ಕರಿಯ ಹೆಂಗಸರಂತೆ ಇಲ್ಲಿನ ಬಡ ಹೆಂಗಸರೂ ‘ಸಹಜವಾಗಿ ಮುಟ್ಟು ನಿಂತವರ’ ಲೆಕ್ಕಕ್ಕೆ ಬರುವುದಿಲ್ಲ.

ಮಾತಿನ ತೊಡಕೂ ನಮ್ಮಲ್ಲಿ ಜಪಾನಿನಂತೆಯೇ ಇದೆ. ಭಾರತದಲ್ಲಿ ನಡೆದ ಹಲವು ಸಮೀಕ್ಷೆಗಳಲ್ಲಿ ಹೆಂಗಸರು ಮೊದಲು ಹೇಳುವುದು ಕೀಲುನೋವು, ಮೈಕೈ ನೋವು, ಸುಸ್ತು. ಹಾಟ್ ಫ್ಲಶ್ ಎಂಬುದಕ್ಕೆ ಸಮನಾದ ಒಂದೇ ಮಾತು ಕನ್ನಡದ ಬಳಕೆಯಲ್ಲಿಲ್ಲ. ‘ಉಷ್ಣ ಆಗಿದೆ’, ‘ಮೈ ಕಾವೇರುತ್ತದೆ’, ‘ಅಂಗೈ ಅಂಗಾಲು ಉರಿ’ ಎಂಬ ಮಾತುಗಳಿವೆ. ಆದರೆ ಉಷ್ಣವೆಂಬುದು ಬೇಸಗೆಗೂ, ನಿದ್ದೆಗೆಟ್ಟದ್ದಕ್ಕೂ, ತಿಂದ ಪದಾರ್ಥಕ್ಕೂ ಸಲ್ಲುವ ಮಾತು. ಅದಕ್ಕೆ ನೆತ್ತಿಗೆ ಹರಳೆಣ್ಣೆ, ಕುಡಿಯಲು ಮಜ್ಜಿಗೆ, ಎಳನೀರು ಎಂಬ ಉಪಚಾರ ಮನೆಯಲ್ಲೇ ಇದೆ. ವೈದ್ಯರ ತನಕ ಹೋಗುವ ವಿಷಯವೇ ಅಲ್ಲ. ರಾತ್ರಿ ನಾಲ್ಕು ಸಲ ಬೆವರಿ ಎಚ್ಚರಗೊಳ್ಳುವ ಹೆಂಗಸು ಸಮೀಕ್ಷೆಯ ಹಾಳೆಯಲ್ಲಿ ‘ತೊಂದರೆ ಇಲ್ಲ’ ಎಂಬ ಸಾಲಿಗೆ ಸೇರುವುದು ಹೀಗೆ.

ಚಿಕಿತ್ಸೆಯ ಇತಿಹಾಸ ಇನ್ನೊಂದು ದಿಕ್ಕಿನ ಎಚ್ಚರಿಕೆಯನ್ನು ಕೊಡುತ್ತದೆ. ಈಸ್ಟ್ರೋಜನ್ ಗುಳಿಗೆಗೂ ಗರ್ಭಕೋಶದ ಒಳಪದರದ ಕ್ಯಾನ್ಸರಿಗೂ ಸಂಬಂಧವಿದೆ ಎಂದು 1975ರಲ್ಲಿ ಎರಡು ಅಧ್ಯಯನಗಳು ತೋರಿಸಿದವು. ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನು ಜೊತೆಗೆ ಸೇರಿಸಿ ಆ ಅಪಾಯವನ್ನು ತಗ್ಗಿಸಲಾಯಿತು. ಆ ಜೋಡಿ ಗುಳಿಗೆಯನ್ನು ಅಮೆರಿಕದ 16,608 ಹೆಂಗಸರಲ್ಲಿ ಪರೀಕ್ಷಿಸುತ್ತಿದ್ದಾಗ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಹೆಚ್ಚಿದ್ದು ಕಂಡು 2002ರ ಜುಲೈಯಲ್ಲಿ ಪರೀಕ್ಷೆಯನ್ನು ಅರ್ಧಕ್ಕೇ ನಿಲ್ಲಿಸಿದರು. ಅದರಲ್ಲಿದ್ದವರ ಸರಾಸರಿ ವಯಸ್ಸು 63. ಅರವತ್ತರೊಳಗಿನವರಿಗೆ, ಮುಟ್ಟು ನಿಂತು ಹತ್ತು ವರ್ಷ ದಾಟದವರಿಗೆ, ಬೇರೆ ಅಡ್ಡಿಗಳಿಲ್ಲದಿದ್ದರೆ ಸಾಮಾನ್ಯವಾಗಿ ಲಾಭವೇ ಹೆಚ್ಚು ಎಂಬ ಅಭಿಪ್ರಾಯ ಆಮೇಲೆ ನೆಲೆಗೊಂಡಿತು. ಮಿದುಳಿನ ಮೇಲೆ ಹೇಳಿದ ಗ್ರಾಹಕವನ್ನೇ ತಡೆದು ಬಿಸಿಯೇರುವುದನ್ನು ತಗ್ಗಿಸುವ, ಹಾರ್ಮೋನಲ್ಲದ ಫೆಜೊಲಿನೆಟಂಟ್ ಎಂಬ ಔಷಧಿಗೆ ಅಮೆರಿಕದಲ್ಲಿ 2023ರಲ್ಲಿ ಒಪ್ಪಿಗೆ ದೊರೆಯಿತು. ಯಾವ ಔಷಧಿ ಯಾರಿಗೆ ಬೇಕು, ಯಾರಿಗೆ ಬೇಡ ಎಂಬುದನ್ನು ಒಬ್ಬೊಬ್ಬ ಹೆಂಗಸಿನ ವಯಸ್ಸು, ಆರೋಗ್ಯ ನೋಡಿ ವೈದ್ಯರು ಹೇಳಬೇಕು. ಅವಳ ಜನಾಂಗ ನೋಡಿ ಅಲ್ಲ.

ಎಲ್ಲರಿಗೂ ಇದು ರೋಗ ಎಂದು ಸಾರಿದವರು ಗುಳಿಗೆ ಮಾರಿದರು. ‘ಪೂರ್ವದೇಶದ ಹೆಂಗಸರಿಗೆ ಇದು ತಟ್ಟುವುದೇ ಇಲ್ಲ’ ಎಂದು ಮೆಚ್ಚಿಕೊಂಡವರು, ತಮಗೆ ಗೊತ್ತಿಲ್ಲದೆಯೇ, ಆ ಹೆಂಗಸರ ಬಾಯಿ ಕಟ್ಟಿದರು. ಮಾರ್ಗರೆಟ್ ಲಾಕ್ ಅವರ ಅನುವಾದದ ತೊಡಕು ಇವೆರಡಕ್ಕೂ ಒಂದು ಉತ್ತರ ಕೊಟ್ಟಿತ್ತು. ಮೊದಲು ಅವರು ಜಪಾನಿ ಹೆಂಗಸರು ತಮ್ಮ ಮೈಯ ಬಗ್ಗೆ ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಾರೆ ಎಂದು ಕೇಳಿಸಿಕೊಂಡರು. ಆಮೇಲೆ ತಮ್ಮ ಪ್ರಶ್ನೆ ಬರೆದರು. ನಲವತ್ತೈದು ದಾಟಿದ ಹೆಂಗಸು ‘ಯಾಕೋ ಉಷ್ಣ, ರಾತ್ರಿ ನಿದ್ದೆಯಿಲ್ಲ, ಕೀಲೆಲ್ಲ ನೋವು’ ಎಂದಾಗ ನಮ್ಮ ಊರಿನ ದವಾಖಾನೆಯಲ್ಲಿಯೂ ಮನೆಯ ಜಗಲಿಯಲ್ಲಿಯೂ ಇನ್ನೆರಡು ಪ್ರಶ್ನೆ ಹೆಚ್ಚು ಕೇಳಿದರೆ, ಅವಳ ಮಾತು ಲೆಕ್ಕಕ್ಕೆ ಬಂದೀತು.